ಕಾರು ಕೊಳ್ಳುವ ಮುನ್ನ: ತಿಂಗಳ ಕಂತಿನ ಲೆಕ್ಕ

ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡುಗಳನ್ನು ಹಾದು ಮೈಸೂರಿಗೆ ಬಂದು, ಅಲ್ಲಿಂದ ಟಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ೭೬೬ರ ಪಕ್ಕದಲ್ಲಿ ಒಂದು ಬೆಳಗ್ಗೆ ಅರ್ಧ ಗಂಟೆ ನಿಂತು ನೋಡಿದರೆ ಸಾಕು, ನಮ್ಮ ಸಣ್ಣ ಊರುಗಳ ಗೃಹಸ್ಥರ ಮನಸ್ಸಿನಲ್ಲಿ ಈಗ ಏನು ಓಡುತ್ತಿದೆಯೆಂಬುದು ತಿಳಿಯುತ್ತದೆ. ಬಸ್ಸುಗಳೇನೋ ತುಂಬಿ ಹೋಗುತ್ತಲೇ ಇವೆ. ಅವುಗಳ ಹಿಂದೆ ಮುಂದೆ ಸಣ್ಣ ಕಾರುಗಳ ಸಾಲು. ಅನೇಕ ಕಾರುಗಳಲ್ಲಿ ಕುಳಿತಿರುವವರು ಒಬ್ಬರೇ. ನಂಜನಗೂಡಿನಿಂದ ಮೈಸೂರಿಗೆ ಸುಮಾರು ೨೪ ಕಿಲೋಮೀಟರು, ಟಿ. ನರಸೀಪುರದಿಂದ ೩೦ಕ್ಕೆ ಸ್ವಲ್ಪ ಹೆಚ್ಚು. ದಿನವೂ ಹೋಗಿಬರಲು ಆಗದ ದೂರವೂ ಅಲ್ಲ, ನಡೆದುಬಿಡುವ ದೂರವೂ ಅಲ್ಲ. ಕಾರಿನ ಆಸೆ ಹುಟ್ಟುವುದಕ್ಕೆ ಇದಕ್ಕಿಂತ ತಕ್ಕ ದೂರ ಬೇರೊಂದಿಲ್ಲ.

ಆಸೆ ಹುಟ್ಟಿದವರು ಮೈಸೂರಿನ ಷೋರೂಮಿಗೆ ಹೋಗುತ್ತಾರೆ. ಅಲ್ಲಿ ಕೂರಿಸಿ, ಕಾಫಿ ಕೊಟ್ಟು, ಆ ಹುಡುಗ ಬಹಳ ವಿನಯದಿಂದ ಕೇಳುವ ಪ್ರಶ್ನೆ ಒಂದೇ: “ಸಾರ್, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?” ನಾವೂ ಸಂಕೋಚಪಡದೆ, “ಹತ್ತು ಸಾವಿರ ಕಟ್ಟಬಹುದು” ಎನ್ನುತ್ತೇವೆ. ಅಲ್ಲಿಗೆ ಲೆಕ್ಕ ಅವರ ಕೈಗೆ ಹೋಯಿತು. ಹತ್ತು ಸಾವಿರದೊಳಗೆ ಕೂರುವಂತೆ ಯಾವ ಕಾರನ್ನಾದರೂ ಕೂರಿಸಬಹುದು. ಮೂರು ವರ್ಷಕ್ಕೆ ಕೂರದಿದ್ದರೆ ಐದು, ಐದಕ್ಕೆ ಕೂರದಿದ್ದರೆ ಏಳು. ಕಂತು ಕುಗ್ಗುತ್ತದೆ, ಸಾಲ ಹಿಗ್ಗುತ್ತದೆ. ಆದುದರಿಂದ ಆ ಪ್ರಶ್ನೆಗೆ ಉತ್ತರ ಷೋರೂಮಿನಲ್ಲಿ ಹುಟ್ಟಬಾರದು. ಮನೆಯಲ್ಲಿ, ಊಟವಾದ ಮೇಲೆ, ಯಜಮಾನರೂ ಮನೆಯಾಕೆಯೂ ಕೂಡಿ ಕುಳಿತು ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಬೇಕು. ಅದನ್ನು ಬರೆಯುವ ಬಗೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಈಗ ಕೈಯಲ್ಲಿರುವ ಫೋನಿನಲ್ಲೇ ಕಂತಿನ ಲೆಕ್ಕ ಕ್ಷಣದಲ್ಲಿ ಬರುತ್ತದೆಯಲ್ಲ, ಪೆನ್ಸಿಲ್ಲು ಏಕೆ ಎಂದು ಕೇಳಬಹುದು. ಫೋನು ಗುಣಾಕಾರದಲ್ಲಿ ತಪ್ಪುವುದಿಲ್ಲ, ನಿಜ. ಆದರೆ ನಾವು ಕೊಟ್ಟ ಅಂಕಿಯನ್ನೇ ಅದು ಗುಣಿಸುತ್ತದೆ. ನಾವು ಕೊಡುವ ಅಂಕಿಯೇ ತಪ್ಪಿದ್ದರೆ ಅದರ ಉತ್ತರವೂ ಅಷ್ಟೇ ನಿಖರವಾಗಿ ತಪ್ಪಾಗಿರುತ್ತದೆ.

ಮೊದಲನೆಯ ತಪ್ಪು ಬೆಲೆಯಲ್ಲೇ ಆಗುತ್ತದೆ. ಪತ್ರಿಕೆಯ ಜಾಹೀರಾತಿನಲ್ಲಿ ಏಳು ಲಕ್ಷ ಎಂದಿರುತ್ತದೆ. ಅದು ಷೋರೂಮಿನ ಬೆಲೆ, ರಸ್ತೆಯ ಬೆಲೆಯಲ್ಲ. ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ.ಯನ್ನು ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡ ೧೮ಕ್ಕೆ ಇಳಿಸಿದ್ದು ಒಳ್ಳೆಯದೇ ಆಯಿತು. ಅದು ಷೋರೂಮಿನ ಬೆಲೆಯೊಳಗೇ ಸೇರಿದೆ. ಆದರೆ ಅದರಾಚೆ ರಾಜ್ಯದ ಆಜೀವ ತೆರಿಗೆ ಬೇರೆ ಇದೆ. ಕರ್ನಾಟಕದಲ್ಲಿ ಈ ತೆರಿಗೆ ಬೆಲೆಯನ್ನು ನೋಡಿಕೊಂಡು ಏರುತ್ತದೆ. ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಶೇಕಡ ೧೪. ಹತ್ತು ಲಕ್ಷ ದಾಟಿದರೆ ಶೇಕಡ ೧೭. ಅದರ ಮೇಲೆ ಉಪಕರ. ಹತ್ತು ಲಕ್ಷದ ಗೆರೆಯನ್ನು ಸ್ವಲ್ಪವೇ ದಾಟುವ ಕಾರನ್ನು ಆರಿಸಿಕೊಂಡವರು ತೆರಿಗೆಯಲ್ಲಿ ಎಷ್ಟು ಹೆಚ್ಚು ತೆರುತ್ತಾರೆಂಬುದನ್ನು ಅವರೇ ಒಮ್ಮೆ ಗುಣಿಸಿ ನೋಡಲಿ. ಆಮೇಲೆ ವಿಮೆ. ೨೦೧೮ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರನೆಯವರ ಹೊಣೆಯ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಸಬೇಕು. ಆಮೇಲೆ ನೋಂದಣಿ, ಸಂಖ್ಯೆಯ ಹಲಗೆ, ಫಾಸ್ಟ್‌ಟ್ಯಾಗ್, ಕಾಲ ಕೆಳಗಿನ ಹಾಸು, ಸೀಟಿನ ಹೊದಿಕೆ.

ಲೆಕ್ಕಕ್ಕಾಗಿ ಏಳು ಲಕ್ಷದ ಕಾರನ್ನೇ ಇಟ್ಟುಕೊಳ್ಳೋಣ. ತೆರಿಗೆ ಶೇಕಡ ೧೪ರಂತೆ ೯೮,೦೦೦. ಉಪಕರ ಸೇರಿದರೆ ಲಕ್ಷ ದಾಟುತ್ತದೆ. ವಿಮೆ ಮತ್ತಿತರ ಬಾಬುಗಳನ್ನು ಕೂಡಿಸಿ ರಸ್ತೆಗೆ ಇಳಿಯುವಾಗ ಎಂಟೂವರೆ ಲಕ್ಷ ಎಂದು ಇಟ್ಟುಕೊಂಡರೆ ಹೆಚ್ಚು ತಪ್ಪಾಗದು. ಏಳು ಲಕ್ಷ ಎಂದು ಮನೆಯಿಂದ ಹೊರಟವರು ಎಂಟೂವರೆ ಲಕ್ಷದ ಮುಂದೆ ನಿಂತಿದ್ದಾರೆ. ಈ ಒಂದೂವರೆ ಲಕ್ಷವೇ ಎಷ್ಟೋ ಮನೆಗಳಲ್ಲಿ ಒಡವೆಯನ್ನು ಅಡವಿಗೆ ಕಳುಹಿಸುತ್ತದೆ.

ನಂಜನಗೂಡಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಯಜಮಾನರು ಮೈಸೂರಿನ ಒಂದು ಶಾಲೆಯಲ್ಲಿ ಮೇಷ್ಟ್ರು. ಎರಡೂವರೆ ಲಕ್ಷ ಕೂಡಿಟ್ಟಿದ್ದಾರೆ. ಮಿಕ್ಕ ಆರು ಲಕ್ಷಕ್ಕೆ ಬ್ಯಾಂಕಿನ ಸಾಲ, ವರ್ಷಕ್ಕೆ ಶೇಕಡ ೯ ಬಡ್ಡಿ, ಐದು ವರ್ಷ. ಕಂತು ಎಷ್ಟು?

ಇದನ್ನು ಅಂದಾಜು ಮಾಡುವುದಕ್ಕೆ ಬೀಜಗಣಿತ ಬೇಡ. ಸಾಲ ಮೊದಲ ದಿನ ಆರು ಲಕ್ಷ, ಕೊನೆಯ ದಿನ ಸೊನ್ನೆ. ನಡುವೆ ಅದು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬರುತ್ತದೆ. ಹಾಗಿದ್ದರೆ ಐದು ವರ್ಷವೂ ನಮ್ಮ ತಲೆಯ ಮೇಲೆ ಸರಾಸರಿ ಅರ್ಧ, ಎಂದರೆ ಮೂರು ಲಕ್ಷ, ಇತ್ತು ಎಂದು ಎಣಿಸಬಹುದಷ್ಟೆ. ಮೂರು ಲಕ್ಷಕ್ಕೆ ಶೇಕಡ ೯ರಂತೆ ವರ್ಷಕ್ಕೆ ೨೭,೦೦೦ ಬಡ್ಡಿ. ಐದು ವರ್ಷಕ್ಕೆ ೧,೩೫,೦೦೦. ಅಸಲು ಆರು ಲಕ್ಷವನ್ನು ಕೂಡಿಸಿದರೆ ೭,೩೫,೦೦೦. ಅರವತ್ತು ತಿಂಗಳಿಗೆ ಹಂಚಿದರೆ ೧೨,೨೫೦ ರೂಪಾಯಿ. ಬ್ಯಾಂಕಿನ ಯಂತ್ರ ಹೇಳುವ ಅಂಕಿ ೧೨,೪೫೫. ಇನ್ನೂರು ರೂಪಾಯಿಯ ಅಂತರ. ಅಂತರ ಏಕೆಂದರೆ, ಕಂತು ಪ್ರತಿ ತಿಂಗಳೂ ಒಂದೇ ಆದರೂ ಅದರೊಳಗಿನ ಪಾಲು ಒಂದೇ ಅಲ್ಲ. ಮೊದಲ ತಿಂಗಳು ಬಡ್ಡಿಯೇ ೪,೫೦೦. ಅಸಲಿಗೆ ಹೋದದ್ದು ೭,೯೫೫. ಎರಡನೆಯ ತಿಂಗಳು ಬಡ್ಡಿ ಸುಮಾರು ೪,೪೪೦. ಹೀಗೆ ಮೊದಮೊದಲು ಅಸಲು ನಿಧಾನವಾಗಿ ಇಳಿದು ಕೊನೆಕೊನೆಗೆ ಬೇಗ ಇಳಿಯುವುದರಿಂದ ಸರಾಸರಿ ಬಾಕಿ ಅರ್ಧಕ್ಕಿಂತ ತುಸು ಮೇಲೆಯೇ ಇರುತ್ತದೆ. ಐದು ವರ್ಷದ ಸಾಲವಾದರೆ ಮನೆಯ ಲೆಕ್ಕಕ್ಕೆ ನೂರಕ್ಕೆ ಎರಡು, ಏಳು ವರ್ಷದ್ದಾದರೆ ನೂರಕ್ಕೆ ಮೂರು ಸೇರಿಸಿಕೊಂಡರೆ ಬ್ಯಾಂಕಿನ ಅಂಕಿಯ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ಇಷ್ಟೂ ಬೇಡವೆನ್ನುವವರು ಮೂರು ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳಲಿ. ಶೇಕಡ ೯ರ ಬಡ್ಡಿಗೆ, ಒಂದು ಲಕ್ಷ ಸಾಲಕ್ಕೆ, ಮೂರು ವರ್ಷವಾದರೆ ತಿಂಗಳಿಗೆ ೩,೧೮೦. ಐದು ವರ್ಷವಾದರೆ ೨,೦೭೬. ಏಳು ವರ್ಷವಾದರೆ ೧,೬೦೯. ಎಷ್ಟು ಲಕ್ಷವೋ ಅಷ್ಟರಿಂದ ಗುಣಿಸಿದರಾಯಿತು. ಐದು ವರ್ಷದ ಸಾಲಕ್ಕೆ ಬಡ್ಡಿ ಶೇಕಡ ಒಂದು ಏರಿದರೆ ಲಕ್ಷಕ್ಕೆ ೪೯ ರೂಪಾಯಿ ಹೆಚ್ಚು.

ಏಳು ವರ್ಷದ ಮೋಹದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮೇಷ್ಟ್ರಿಗೆ ೧೨,೪೫೫ ಭಾರವೆನಿಸಿದರೆ ಷೋರೂಮಿನವರು ಏಳು ವರ್ಷಕ್ಕೆ ಹಾಕಿ ೯,೬೫೩ಕ್ಕೆ ಇಳಿಸಿಕೊಡುತ್ತಾರೆ. ತಿಂಗಳಿಗೆ ೨,೮೦೦ ಉಳಿಯಿತೆಂದು ಮೇಷ್ಟ್ರಿಗೆ ಸಂತೋಷ. ಆದರೆ ಬಡ್ಡಿಯ ಮೊತ್ತ ೧,೪೭,೩೦೦ ಇದ್ದದ್ದು ೨,೧೦,೮೯೦ ಆಯಿತು. ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಮೂರು ವರ್ಷ ಕಳೆದು ಯಾವುದೋ ಕಾರಣಕ್ಕೆ ಕಾರನ್ನು ಮಾರಬೇಕಾಗಿ ಬಂದಿತೆನ್ನಿ. ವರ್ಗವಾಗಬಹುದು, ಕಾಯಿಲೆ ಬರಬಹುದು. ಐದು ವರ್ಷದ ಸಾಲಗಾರನಿಗೆ ಆಗ ಉಳಿದಿರುವ ಬಾಕಿ ೨,೭೨,೬೦೦ರಷ್ಟು. ಏಳು ವರ್ಷದವನಿಗೆ ೩,೮೮,೦೦೦ದ ಹತ್ತಿರ. ಹಳೆಯ ಕಾರಿಗೆ ಪೇಟೆಯಲ್ಲಿ ಇಬ್ಬರಿಗೂ ಸಿಗುವ ಬೆಲೆ ಒಂದೇ. ಮಾರಿದ ಹಣವೆಲ್ಲ ಬ್ಯಾಂಕಿಗೇ ಹೋಗಿ, ಕಾರೂ ಇಲ್ಲ, ಮುಂಗಡ ಕೊಟ್ಟ ಎರಡೂವರೆ ಲಕ್ಷವೂ ಇಲ್ಲ ಎನ್ನುವ ಸ್ಥಿತಿ ಯಾರಿಗೆ ಮೊದಲು ಬರುತ್ತದೆಯೆಂಬುದು ಸ್ಪಷ್ಟವಷ್ಟೆ.

ಎರಡನೆಯ ಬಲೆ ‘ಫ್ಲಾಟ್’ ದರದ್ದು. ಇದರಲ್ಲಿ ನಾನೇ ಸಿಕ್ಕಿಬಿದ್ದವನಾದುದರಿಂದ ಅಧಿಕಾರದಿಂದ ಹೇಳಬಲ್ಲೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೋಟಾರು ಸೈಕಲ್ಲಿಗಾಗಿ ೬೦,೦೦೦ ರೂಪಾಯಿ ಸಾಲ ತೆಗೆದೆ, ಮೂರು ವರ್ಷಕ್ಕೆ. ಬಡ್ಡಿ ಶೇಕಡ ೭ ಎಂದರು. ಬ್ಯಾಂಕಿಗಿಂತ ಅಗ್ಗವಾಯಿತೆಂದು ಹಿಗ್ಗಿದೆ. ತಿಂಗಳಿಗೆ ೨,೦೧೭ ರೂಪಾಯಿ ಕಟ್ಟುತ್ತ ಹೋದೆ. ಎಷ್ಟೋ ಕಾಲದ ಮೇಲೆ, ಗಣಿತದ ಸ್ನೇಹಿತರೊಬ್ಬರು ಆ ಕಾಗದವನ್ನು ನೋಡಿ ನಕ್ಕು, “ನೀವು ಪ್ರತಿ ವರ್ಷವೂ ಪೂರಾ ಅರವತ್ತು ಸಾವಿರಕ್ಕೆ ಬಡ್ಡಿ ಕಟ್ಟಿದ್ದೀರಿ, ಸ್ವಾಮಿ. ಮೂರನೆಯ ವರ್ಷ ನಿಮ್ಮ ಬಳಿ ಅವರ ಹಣ ಇದ್ದದ್ದೆಷ್ಟು?” ಎಂದರು. ಆಗ ತಿಳಿಯಿತು. ಇಳಿಯುವ ಬಾಕಿಯ ಮೇಲೆ ಶೇಕಡ ೭ ಆಗಿದ್ದರೆ ಒಟ್ಟು ಬಡ್ಡಿ ೬,೭೦೦ದಷ್ಟು ಆಗಬೇಕಿತ್ತು. ನಾನು ಕಟ್ಟಿದ್ದು ೧೨,೬೦೦. ಅವರು ಸುಳ್ಳು ಹೇಳಿರಲಿಲ್ಲ. ಕಾಗದದಲ್ಲಿ ‘ಫ್ಲಾಟ್’ ಎಂದು ಇತ್ತು. ಆ ಪದ ನನಗೆ ಅರ್ಥವಾಗಿರಲಿಲ್ಲ, ಕೇಳಲು ನಾಚಿಕೆಯಾಗಿತ್ತು, ಅಷ್ಟೆ.

ನಮ್ಮ ಮೇಷ್ಟ್ರಿಗೂ ಯಾರಾದರೂ, “ಬ್ಯಾಂಕಿನ ಒಂಬತ್ತು ಏಕೆ ಸಾರ್, ನಾವು ಆರಕ್ಕೇ ಕೊಡುತ್ತೇವೆ” ಎಂದರೆ, “ಫ್ಲಾಟೋ, ಇಳಿಯುವ ಬಾಕಿಯದೋ?” ಎಂದು ಕೇಳಲಿ. ಐದು ವರ್ಷಕ್ಕೆ ಫ್ಲಾಟ್ ಶೇಕಡ ೬ ಎಂದರೆ ಲಕ್ಷಕ್ಕೆ ಕಂತು ೨,೧೬೭. ಬ್ಯಾಂಕಿನ ಮಾತಿನಲ್ಲಿ ಅದು ಶೇಕಡ ೧೧ಕ್ಕೆ ಕೊಂಚವೇ ಕಡಿಮೆ. ಆರು ಲಕ್ಷದ ಮೇಲೆ, ಒಂಬತ್ತರ ಸಾಲಕ್ಕಿಂತ ಈ ‘ಆರರ’ ಸಾಲಕ್ಕೆ ೩೨,೭೦೦ ರೂಪಾಯಿ ಹೆಚ್ಚು ತೆರಬೇಕಾಗುತ್ತದೆ.

ಸಾಲಗಾರನಿಗೆ ಇಂಥದನ್ನು ಬರೆದುಕೊಡಬೇಕೆಂಬ ವಿಚಾರ ಹೊಸತಲ್ಲ. ೧೯೭೨ರಲ್ಲಿಯೇ ಪಾರ್ಲಿಮೆಂಟು ಬಾಡಿಗೆ-ಖರೀದಿ ಕಾಯಿದೆಯನ್ನು ಮಾಡಿತ್ತು. ರೊಕ್ಕಕ್ಕೆ ಕೊಂಡರೆ ಬೆಲೆಯೆಷ್ಟು, ಕಂತಿನಲ್ಲಿ ಕೊಂಡರೆ ಒಟ್ಟು ಎಷ್ಟು ಎಂಬ ಎರಡನ್ನೂ ಕರಾರಿನಲ್ಲಿ ಕಾಣಿಸಬೇಕೆಂದು ಅದರಲ್ಲಿತ್ತು. ಸೋಜಿಗವೆಂದರೆ ಆ ಕಾಯಿದೆ ಒಂದು ದಿನವೂ ಜಾರಿಗೆ ಬರಲಿಲ್ಲ. ೨೦೦೫ರಲ್ಲಿ ಅದನ್ನು ರದ್ದುಮಾಡಿದರು. ಈಗ ಆ ಕೊರತೆಯನ್ನು ಬೇರೊಂದು ದಾರಿಯಿಂದ ತುಂಬಿದ್ದಾರೆ. ೨೦೨೪ರ ಅಕ್ಟೋಬರ್ ೧ರಿಂದ, ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ, ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಇಂಥ ಹೊಸ ಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ವಿವರಪತ್ರವನ್ನು ಮೊದಲೇ ಕೊಡಬೇಕು. ಬಡ್ಡಿಯ ಜೊತೆಗೆ ಸಾಲದ ಇತರ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಫ್ಲಾಟ್ ಎಂಬ ಮುಸುಕು ಆ ಅಂಕಿಯ ಮುಂದೆ ನಿಲ್ಲುವುದಿಲ್ಲ. ಯಾವ ತಿಂಗಳು ಎಷ್ಟು ಬಡ್ಡಿ, ಎಷ್ಟು ಅಸಲು ಎಂಬ ಪಟ್ಟಿಯೂ ಅದರ ಜೊತೆಗಿರುತ್ತದೆ. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹೇರುವಂತಿಲ್ಲ.

ಇದರಲ್ಲಿ ನಮ್ಮ ಓದುಗರು ವಿಶೇಷವಾಗಿ ನೆನಪಿಡಬೇಕಾದ ಎರಡು ಸಂಗತಿಗಳಿವೆ. ಆ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂಬುದು ನಿಯಮ. ಎಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ದಾಕ್ಷಿಣ್ಯದ ಮಾತಲ್ಲ, ಹಕ್ಕಿನ ಮಾತು. ಎರಡನೆಯದು, ಪತ್ರ ಕೊಟ್ಟ ಮೇಲೆ ಕಡೆಯ ಪಕ್ಷ ಮೂರು ಕೆಲಸದ ದಿನಗಳ ಕಾಲ ಆ ಷರತ್ತುಗಳಿಗೆ ಅವರು ಬದ್ಧರು. “ಇವತ್ತೇ ಸಹಿ ಹಾಕಿದರೆ ಮಾತ್ರ ಈ ಬಡ್ಡಿ” ಎಂದು ಅವಸರಪಡಿಸುವವರಿಗೆ, ಪತ್ರವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, “ನಾಡಿದ್ದು ಬರುತ್ತೇನೆ” ಎನ್ನಬಹುದು. ಕಪಿಲೆಯ ಸೇತುವೆ ದಾಟಿ ಮನೆ ಸೇರುವಷ್ಟರಲ್ಲಿ ಅರ್ಧ ಅಮಲು ಇಳಿದಿರುತ್ತದೆ.

ಕಂತಿನ ಲೆಕ್ಕವಾಯಿತು. ಆದರೆ ಕಾರಿನ ತಿಂಗಳ ಖರ್ಚು ಕಂತೊಂದೇ ಅಲ್ಲ. ಒಂದು ಕಾಲದಲ್ಲಿ ರೇಡಿಯೋ ಕೊಂಡವರು ಅಂಗಡಿಯವನಿಗೆ ಹಣ ಕೊಟ್ಟು ಮುಗಿಸಿದ ಮೇಲೂ ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಹಿರಿಯರಿಗೆ ಆ ಪುಟ್ಟ ಪುಸ್ತಕ ನೆನಪಿರಬಹುದು. ಕಾರಿನ ಲೈಸೆನ್ಸ್ ಪುಸ್ತಕ ಪೆಟ್ರೋಲಿನ ಬಂಕಿನಲ್ಲಿದೆ. ನಮ್ಮ ಮೇಷ್ಟ್ರು ತಿಂಗಳಿಗೆ ೨೫ ದಿನ ಮೈಸೂರಿಗೆ ಕಾರಿನಲ್ಲಿ ಹೋಗಿಬಂದರೆ, ಊರೊಳಗಿನ ಓಡಾಟವೂ ಸೇರಿ ದಿನಕ್ಕೆ ೫೦ ಕಿಲೋಮೀಟರಿನಂತೆ ೧,೨೫೦ ಕಿಲೋಮೀಟರಾಯಿತು. ಲೀಟರಿಗೆ ೧೮ ಕಿಲೋಮೀಟರು ಓಡುವ ಕಾರು, ಲೀಟರಿಗೆ ನೂರು ರೂಪಾಯಿ ಎಂದು ಎಣಿಸಿದರೂ ಹತ್ತಿರ ಹತ್ತಿರ ೭,೦೦೦. ವರ್ಷಕ್ಕೊಮ್ಮೆ ಬರುವ ವಿಮೆಯ ಹಣ ೧೫,೦೦೦ ಎಂದು ಹಿಡಿದರೆ ತಿಂಗಳಿಗೆ ೧,೨೫೦. ಸರ್ವೀಸು ಮತ್ತು ರಿಪೇರಿಗೆ ೧,೦೦೦. ಟೈರುಗಳಿಗೆಂದು ೫೦೦ ತೆಗೆದಿಡಬೇಕು. ನಾಲ್ಕು ವರ್ಷಕ್ಕೊಮ್ಮೆ ಅವು ಒಟ್ಟಿಗೇ ಕೈಚಾಚುತ್ತವೆ. ಎಲ್ಲ ಸೇರಿ ೯,೭೫೦. ಕಂತಿನ ೧೨,೪೫೫ನ್ನು ಕೂಡಿಸಿದರೆ ತಿಂಗಳಿಗೆ ೨೨,೨೦೫ ರೂಪಾಯಿ.

ಇನ್ನು ಮನೆಯ ಲೆಕ್ಕ. ಮೇಷ್ಟ್ರ ಮನೆಗೆ ಕೈಗೆ ಬರುವ ವರಮಾನ ೫೫,೦೦೦ ಎಂದಿಟ್ಟುಕೊಳ್ಳಿ. ದಿನಸಿ, ಹಾಲು, ತರಕಾರಿ, ಮಕ್ಕಳ ಶಾಲೆಯ ಶುಲ್ಕ, ತಂದೆತಾಯಿಯರ ಔಷಧ, ಜೀವವಿಮೆ, ವಿದ್ಯುತ್ತು, ತಿಂಗಳ ಚೀಟಿಯ ಹಣ, ಎಲ್ಲವೂ ಸೇರಿ ೩೬,೦೦೦. ಉಳಿದದ್ದು ೧೯,೦೦೦. ಸಾಲ ಕೊಡುವವರು ಸಾಮಾನ್ಯವಾಗಿ ನೋಡುವುದು ಎಲ್ಲ ಕಂತುಗಳೂ ಸೇರಿ ವರಮಾನದ ಅರ್ಧದ ಸುತ್ತ ಇವೆಯೇ ಎಂಬುದನ್ನು. ೫೫,೦೦೦ದಲ್ಲಿ ೧೨,೪೫೫ ಎಂದರೆ ಅವರಿಗೆ ಬಹಳ ಸಂತೋಷ. ಒಂದೇ ದಿನದಲ್ಲಿ ಮಂಜೂರು. ಆದರೆ ೧೯,೦೦೦ದಲ್ಲಿ ೨೨,೨೦೫ ಕೂರುವುದಿಲ್ಲ. ಏಳು ವರ್ಷಕ್ಕೆ ಎಳೆದರೂ ೧೯,೪೦೩ ಆಗುತ್ತದೆ, ಆಗಲೂ ಕೂರುವುದಿಲ್ಲ. ಬ್ಯಾಂಕಿಗೆ ಒಪ್ಪಿಗೆಯಾದ ಕಾರು ಅಡುಗೆಮನೆಗೆ ಒಪ್ಪಿಗೆಯಾಗಲಿಲ್ಲ.

ಈ ಸತ್ಯ ಮೊದಲ ತಿಂಗಳಲ್ಲೇ ತಿಳಿಯುವುದಿಲ್ಲವೆನ್ನುವುದೇ ಅಪಾಯ. ಮೊದಲ ತಿಂಗಳು ಬೆಟ್ಟಕ್ಕೆ ಹೋಗಿ ಬಂದದ್ದಾಗುತ್ತದೆ, ಬೀಗರ ಮನೆಯ ಮುಂದೆ ಕಾರು ನಿಲ್ಲಿಸಿದ್ದಾಗುತ್ತದೆ. ಎರಡನೆಯ ತಿಂಗಳು ಚೀಟಿಯ ಹಣ ಒಂದು ವಾರ ತಡ. ಮೂರನೆಯ ತಿಂಗಳು ಗೌರಿ ಹಬ್ಬವೋ ಶಾಲೆಯ ಶುಲ್ಕವೋ ಬಂದು, ಅಂಗಡಿಯಲ್ಲಿ ಸಾಲ ಬರೆಸಲು ಶುರು. ಮುಂಗಡಕ್ಕೆಂದು ಚೀಟಿ ಎತ್ತಿದ್ದರೆ, ಒಡವೆ ಅಡವಿಟ್ಟಿದ್ದರೆ, ಅವೂ ಕಂತುಗಳೇ. ಷೋರೂಮಿನ ಹಾಳೆಯಲ್ಲಿ ಅವು ಕಾಣುವುದಿಲ್ಲ, ಮನೆಯ ಹಾಳೆಯಲ್ಲಿ ಕಾಣಬೇಕು.

ಹಾಗಾದರೆ ಮೇಷ್ಟ್ರಿಗೆ ಕಾರು ಬೇಡವೇ? ಬೇಡವೆಂದು ನಾನು ಹೇಳುತ್ತಿಲ್ಲ. ಬಿಸಿಲಲ್ಲಿ ಬಸ್ಸಿಗೆ ಕಾದು, ವಯಸ್ಸಾದ ತಾಯಿಯನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದವರಿಗೆ ಕಾರು ಷೋಕಿಯ ವಸ್ತುವಲ್ಲ. ನಾನು ಹೇಳುವುದು ಒಂದು ತಾಲೀಮು. ಕಾರು ಕೊಳ್ಳುವ ಮೊದಲೇ, ಕಾರು ಬಂದಿದೆ ಎಂದು ಭಾವಿಸಿ, ಸಂಬಳ ಬಂದ ದಿನವೇ ಆ ೨೨,೦೦೦ ರೂಪಾಯಿಯನ್ನು ಬೇರೊಂದು ಉಳಿತಾಯ ಖಾತೆಗೆ ಹಾಕುವುದು. ಮೂರು ತಿಂಗಳು, ಒಂದು ಹಬ್ಬದ ತಿಂಗಳಾದರೂ ನಡುವೆ ಬರುವಂತೆ. ಹಣ ತಡೆಯದೆ ಹೋದರೆ ಮನೆ ಆ ಭಾರವನ್ನು ತಡೆಯುತ್ತದೆ. ತೆಗೆದು ಖರ್ಚು ಮಾಡುವ ಹಾಗಾದರೆ ಮನೆಯೇ ಉತ್ತರ ಕೊಟ್ಟಂತೆ. ಯಾವ ಬಡ್ಡಿಯೂ ಇಲ್ಲದೆ, ಯಾವ ನೋಟೀಸೂ ಇಲ್ಲದೆ.

ನಮ್ಮ ಮೇಷ್ಟ್ರು ತಾಲೀಮು ಮಾಡಿ, ತಿಂಗಳಿಗೆ ೧೭,೦೦೦ ಮಾತ್ರ ಸಾಧ್ಯವೆಂದು ಕಂಡುಕೊಂಡರೆನ್ನಿ. ಅದನ್ನೇ ಒಂದು ವರ್ಷ ನಡೆಸಿದರೆ ಎರಡು ಲಕ್ಷ ದಾಟುತ್ತದೆ. ಸಾಲ ಆರರಿಂದ ನಾಲ್ಕು ಲಕ್ಷಕ್ಕೆ ಇಳಿಯುತ್ತದೆ. ಐದು ವರ್ಷಕ್ಕೆ ಕಂತು ೮,೩೦೩. ಓಡಾಟದ ೯,೭೫೦ ಸೇರಿ ೧೮,೦೫೩. ಈಗ ೧೯,೦೦೦ದೊಳಗೆ ಕೂತಿತು, ಮೊಣಕೈ ತಾಗುವಂತೆಯೇ ಆದರೂ ಕೂತಿತು. ಬಡ್ಡಿಯಲ್ಲಿ ಉಳಿದದ್ದು ೪೯,೦೦೦. ಒಂದು ವರ್ಷದಲ್ಲಿ ಕಾರಿನ ಬೆಲೆ ಏರಬಹುದು, ನಿಜ. ಎಂಟೂವರೆ ಲಕ್ಷದ ಮೇಲೆ ಶೇಕಡ ೩ ಏರಿದರೂ ೨೫,೫೦೦. ಆಗಲೂ ಕಾದವರಿಗೇ ಲಾಭ. ಇನ್ನೊಂದು ದಾರಿಯೂ ಉಂಟು. ನಂಜನಗೂಡಿಗೆ ಮೈಸೂರು–ಚಾಮರಾಜನಗರದ ರೈಲಿದೆ, ಬಸ್ಸುಗಳಿವೆ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಮನೆಯ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಕೆಲಸದ ದಿನ ರೈಲು, ಆಸ್ಪತ್ರೆಗೂ ಮದುವೆಗೂ ಕಾರು ಎಂದು ಮಾಡಿಕೊಂಡರೆ ಪೆಟ್ರೋಲಿನ ಖರ್ಚು ೨,೫೦೦ಕ್ಕೆ ಇಳಿದು, ಆರು ಲಕ್ಷದ ಸಾಲವೇ ಕೂರುತ್ತದೆ. ಆದರೆ ಭಾನುವಾರಕ್ಕೊಮ್ಮೆ ಓಡುವ ಕಾರಿಗೆ ಇಷ್ಟು ಕಂತೇ, ಬಾಡಿಗೆ ಕಾರು ಸಾಲದೇ ಎಂದು ಮನೆಯಾಕೆ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಟಿ. ನರಸೀಪುರದ ಕಡೆ ಲೆಕ್ಕದ ರೀತಿಯೇ ಬೇರೆ. ಕಾವೇರಿ ಕಪಿಲೆಯರು ಕೂಡುವ ಆ ಸೀಮೆಯಲ್ಲಿ ಪೇಟೆಯ ಮನೆಗಳಿಗೂ ಗದ್ದೆಯ ನಂಟು ಬಿಟ್ಟಿಲ್ಲ. ಭತ್ತ, ಕಬ್ಬು, ಹಿಪ್ಪುನೇರಳೆ. ಈ ವರಮಾನ ಒಂದನೆಯ ತಾರೀಖು ಬರುವುದಿಲ್ಲ. ಕಬ್ಬು ಕಡಿದು ಕಾರ್ಖಾನೆಗೆ ಹಾಕಿದ ಮೇಲೆ ಹದಿನಾಲ್ಕು ದಿನದೊಳಗೆ ಹಣ ಸಲ್ಲಬೇಕೆಂದು ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯಲ್ಲಿದೆ. ಸಂದರೂ ಅದು ವರ್ಷಕ್ಕೊಮ್ಮೆಯ ಮಾತು. ರೇಷ್ಮೆಯವರಿಗೆ ವರ್ಷದಲ್ಲಿ ಹಲವು ಬೆಳೆ ಬರುತ್ತವೆ, ಅದೊಂದು ಅನುಕೂಲ. ಗೂಡಿನ ಬೆಲೆ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಕಂತಾದರೋ ಮಳೆ ಬರಲಿ ಬಿಡಲಿ, ಪ್ರತಿ ತಿಂಗಳೂ ಗೊತ್ತಾದ ತಾರೀಖಿಗೆ ಖಾತೆಯಿಂದ ತಾನೇ ಕಡಿದುಕೊಳ್ಳುತ್ತದೆ. ಅಂದು ಖಾತೆ ಬರಿದಾಗಿದ್ದರೆ ದಂಡ. ದಂಡವನ್ನು ಅಸಲಿಗೆ ಸೇರಿಸಿ ಅದಕ್ಕೂ ಬಡ್ಡಿ ಹಾಕುವ ಪದ್ಧತಿಯನ್ನು ರಿಸರ್ವ್ ಬ್ಯಾಂಕು ೨೦೨೪ರಿಂದ ನಿಲ್ಲಿಸಿದೆ. ಆದರೂ ದಂಡ ದಂಡವೇ. ಮುಂದಿನ ಸಾಲದ ಹೊತ್ತಿಗೆ ಅದರ ಗುರುತೂ ದಾಖಲೆಯಲ್ಲಿ ಉಳಿದಿರುತ್ತದೆ.

ಇಂಥ ಮನೆಯವರು ಮಾಡಬಹುದಾದದ್ದು ಮುಖ್ಯವಾಗಿ ಇದು: ಬೆಳೆಯ ಹಣ ಕೈಗೆ ಬಂದಾಗ ಅದರಿಂದ ಕಾರಿನ ಮುಂಗಡವನ್ನಷ್ಟೇ ಅಲ್ಲ, ಮುಂದಿನ ಬೆಳೆಯವರೆಗಿನ ಕಂತುಗಳನ್ನೂ ಎಣಿಸಿ ತೆಗೆದಿಡುವುದು. ಆರು ಲಕ್ಷದ ಸಾಲಕ್ಕೆ ಹನ್ನೆರಡು ಕಂತು ಎಂದರೆ ಒಂದೂವರೆ ಲಕ್ಷ ಮುಟ್ಟುತ್ತದೆ. ಅಷ್ಟನ್ನು ತೆಗೆದಿಟ್ಟ ಮೇಲೂ ಮುಂಗಡಕ್ಕೆ ಹಣ ಉಳಿಯದಿದ್ದರೆ ಆ ವರ್ಷ ಕಾರಿನ ವರ್ಷವಲ್ಲ. ಟ್ರ್ಯಾಕ್ಟರಿನ ಸಾಲಕ್ಕೆ ಆರು ತಿಂಗಳಿಗೊಮ್ಮೆ ಕಂತು ಕಟ್ಟುವ ಏರ್ಪಾಡು ರೈತರಿಗೆಲ್ಲ ಗೊತ್ತು. ಕಾರಿನ ಸಾಲಕ್ಕೂ ಅಂಥ ಏರ್ಪಾಡು ಉಂಟೇ ಎಂದು ಬ್ಯಾಂಕಿನಲ್ಲಿ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಅದೇ ಆರು ಲಕ್ಷಕ್ಕೆ, ಅದೇ ಶೇಕಡ ೯ಕ್ಕೆ, ಐದು ವರ್ಷದಲ್ಲಿ ಹತ್ತು ಅರ್ಧವಾರ್ಷಿಕ ಕಂತುಗಳಾದರೆ ಒಂದೊಂದೂ ೭೫,೮೨೭. ತಿಂಗಳ ಕಂತಿಗಿಂತ ಒಟ್ಟು ಬಡ್ಡಿ ಹನ್ನೊಂದು ಸಾವಿರ ಹೆಚ್ಚು. ಅಸಲು ಅಷ್ಟು ಕಾಲ ಹೆಚ್ಚು ನಿಂತಿರುತ್ತದಲ್ಲ. ಆದರೆ ಐದು ವರ್ಷದಲ್ಲಿ ನಾಲ್ಕಾರು ಸಲ ಕೈಸಾಲ ಮಾಡಿ ಕಂತು ಕಟ್ಟುವ ಮನೆಗೆ ಈ ಹನ್ನೊಂದು ಸಾವಿರ ಅಗ್ಗವೆಂದೇ ನನ್ನ ಅಭಿಪ್ರಾಯ.

ಒಳ್ಳೆಯ ಬೆಳೆ ಬಂದ ವರ್ಷ ಸಾಲವನ್ನು ಅವಧಿಗೆ ಮೊದಲೇ ತೀರಿಸಬಯಸುವವರು ಸಹಿ ಹಾಕುವಾಗಲೇ ಒಂದು ಮಾತು ಕೇಳಿಕೊಂಡಿರಬೇಕು: ಬಡ್ಡಿಯ ದರ ಸ್ಥಿರವೋ, ಏರಿಳಿಯುವುದೋ? ೨೦೨೬ರ ಜನವರಿ ೧ರಿಂದ ಮಂಜೂರಾಗುವ ಸಾಲಗಳಲ್ಲಿ, ವ್ಯಾಪಾರಕ್ಕಲ್ಲದೆ ಸ್ವಂತಕ್ಕೆಂದು ವ್ಯಕ್ತಿಗಳು ತೆಗೆಯುವ ಏರಿಳಿಯುವ ದರದ ಸಾಲಕ್ಕೆ ಮುಂಚಿತ ಪಾವತಿಯ ಶುಲ್ಕ ಹಾಕುವಂತಿಲ್ಲ. ಸ್ಥಿರ ದರದ ಸಾಲಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಕಾರಿನ ಸಾಲಗಳಲ್ಲಿ ಸ್ಥಿರ ದರದವು ಬಹಳ. ಮುಂಚಿತವಾಗಿ ಕಟ್ಟಿದರೆ ನೂರಕ್ಕೆ ಎಷ್ಟು ಹಿಡಿಯುತ್ತಾರೆಂಬುದು ಆ ವಿವರಪತ್ರದಲ್ಲೇ ಇರಬೇಕು. ಬೆರಳಿಟ್ಟು ಓದಿಸಿಕೊಳ್ಳಿ.

‘ಸೊನ್ನೆ ಬಡ್ಡಿ’ ಎಂಬ ಜಾಹೀರಾತುಗಳ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ರೊಕ್ಕ ಕೊಟ್ಟು ಕೊಂಡರೆ ಎಷ್ಟು ಸೋಡಿ ಸಿಗುತ್ತಿತ್ತೆಂದು ಕೇಳಿದರೆ ಬಡ್ಡಿ ಎಲ್ಲಿ ಅಡಗಿದೆಯೆಂಬುದು ತಾನೇ ಹೊರಬೀಳುತ್ತದೆ. ವಿಮೆಯನ್ನು ಷೋರೂಮಿನವರಿಂದಲೇ ಮಾಡಿಸಬೇಕೆಂಬ ಕಟ್ಟುಪಾಡೂ ಇಲ್ಲ. ಹೊರಗೆ ಎರಡು ಕಡೆ ವಿಚಾರಿಸಿದರೆ ಕೆಲವು ಸಾವಿರ ಉಳಿದೀತು.

ಕೊನೆಯ ಕಂತು ಕಟ್ಟಿದ ದಿನ ಮನೆಯಲ್ಲಿ ಪಾಯಸ ಮಾಡುವವರುಂಟು. ಮಾಡಲಿ. ಆದರೆ ಆ ದಿನವೂ ಕಾರಿನ ನೋಂದಣಿ ಪತ್ರದಲ್ಲಿ ಸಾಲ ಕೊಟ್ಟವರ ಹೆಸರು ಹಾಗೆಯೇ ಇರುತ್ತದೆ. ಅವರಿಂದ ‘ಬಾಕಿಯಿಲ್ಲ’ ಎಂಬ ಪತ್ರವನ್ನೂ, ಸಹಿ ಮಾಡಿದ ೩೫ನೆಯ ನಮೂನೆಯನ್ನೂ ಪಡೆದು, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಆ ಹೆಸರನ್ನು ತೆಗೆಸಬೇಕು. ವಿಮೆಯ ಪತ್ರದಲ್ಲಿಯೂ ತೆಗೆಸಬೇಕು. ಇದನ್ನು ಮರೆತು, ಎಂಟು ವರ್ಷದ ಮೇಲೆ ಕಾರು ಮಾರಲು ಹೋಗಿ, ಸಾಲ ಕೊಟ್ಟವರ ಕಚೇರಿ ಯಾವ ಊರಿಗೆ ಹೋಯಿತೆಂದು ಹುಡುಕುತ್ತ ಅಲೆಯುವವರಿದ್ದಾರೆ. ೧೯೧೩ರಲ್ಲಿ ಆರಂಭವಾದ ನಮ್ಮ ಮೈಸೂರು ಬ್ಯಾಂಕೇ ೨೦೧೭ರ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿ‌ನಲ್ಲಿ ವಿಲೀನವಾಗಿ ಹಳೆಯ ಹೆಸರನ್ನು ಕಳೆದುಕೊಂಡಿತು. ಆದುದರಿಂದ ಆ ಎರಡು ಕಾಗದಗಳನ್ನು ಕೊನೆಯ ಕಂತಿನ ವಾರದಲ್ಲೇ ತಂದು, ಮೊದಲು ಬರೆದ ಆ ಪೆನ್ಸಿಲ್ಲಿನ ಹಾಳೆಯ ಜೊತೆಗೇ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಕಾರು ಕೊಳ್ಳುವಾಗ ಆ ಹಾಳೆ ಬೇಕಾಗುತ್ತದೆ.